ಹೇಳಿದ ಪಾಠ, ಒಪ್ಪಿಸಿದ ಪಾಠ

ಮಕ್ಕಳಿಗೆ ಪಿಟೀಲು ಕಲಿಸಬೇಕೆಂದಿರುವ ತಂದೆ ತಾಯಂದಿರಿಗೆ ಒಂದು ಬಹಿರಂಗ ಪತ್ರ

ಮೈಸೂರು

ಮಾನ್ಯ ತಂದೆ ತಾಯಂದಿರೇ,

ಬೇಸಗೆಯ ರಜೆ ಮುಗಿದು ಶಾಲೆಗಳು ಬಾಗಿಲು ತೆರೆಯುವ ಹೊತ್ತಿಗೆ, ವರ್ಷ ವರ್ಷವೂ, ನನ್ನ ದೂರವಾಣಿಗೆ ಬಿಡುವಿಲ್ಲದಂತಾಗುತ್ತದೆ. ಮಗಳಿಗೆ ಏಳು ತುಂಬಿತು, ಪಿಟೀಲು ಕಲಿಸಬೇಕೆಂದು ಆಸೆ, ತಾವು ಆನ್‌ಲೈನ್ ಪಾಠ ಹೇಳುತ್ತೀರಾ ಎಂದು ಬೆಂಗಳೂರಿನ ವೈಟ್‌ಫೀಲ್ಡಿನಿಂದ ಒಬ್ಬರು. ನಾವಿರುವ ನ್ಯೂಜೆರ್ಸಿಯಲ್ಲಿ ನಮ್ಮ ಮನಸ್ಸಿಗೆ ಹಿಡಿಸುವ ಗುರುಗಳು ಹತ್ತಿರದಲ್ಲಿಲ್ಲ, ತಾವೇ ದಯಮಾಡಬೇಕು ಎಂದು ಇನ್ನೊಬ್ಬರು. ನಮ್ಮದು ಸರಸ್ವತೀಪುರವೇ, ಆದರೂ ಸಂಜೆಯ ಹೊತ್ತು ಕರೆತರುವುದು ಕಷ್ಟ, ಮೊಬೈಲಿನಲ್ಲಿಯೇ ಆದೀತೇ ಎಂದು ನನ್ನ ಮನೆಯಿಂದ ಮೂರು ಬೀದಿಯಾಚೆ ಇರತಕ್ಕವರು ಮತ್ತೊಬ್ಬರು. ಈ ಪ್ರಶ್ನೆಗೆ ಹೌದೆಂದಾಗಲಿ ಆಗದೆಂದಾಗಲಿ ಒಂದೇ ಮಾತಿನಲ್ಲಿ ಉತ್ತರ ಹೇಳಿಬಿಟ್ಟು, ಹೇಳಿದ್ದು ಅರ್ಧಸತ್ಯವಾಯಿತಲ್ಲಾ ಎಂದು ದಿನವೆಲ್ಲ ಕಸಿವಿಸಿಪಡುವುದು ನನಗೆ ಸಾಕಾಗಿದೆ. ನಲವತ್ತು ವರ್ಷ ಮಕ್ಕಳನ್ನು ಎದುರಿಗೆ ಚಾಪೆಯ ಮೇಲೆ ಕೂರಿಸಿಕೊಂಡು, ಈಚಿನ ಕೆಲವು ವರ್ಷ ಪರದೆಯ ಮುಂದೆ ತಾನೇ ಕುಳಿತುಕೊಂಡು, ಎರಡು ಬಗೆಯಲ್ಲಿಯೂ ಪಾಠ ಹೇಳಿ, ಎರಡರಲ್ಲಿಯೂ ತಪ್ಪಿ ನಡೆದು, ಅಷ್ಟಿಷ್ಟು ತಿಳಿದುಕೊಂಡವನು ನಾನು. ತಿಳಿದಷ್ಟನ್ನು ಸಾವಧಾನವಾಗಿ ತಮ್ಮೆಲ್ಲರ ಮುಂದೆ ಇಡುವುದು ಈ ಪತ್ರದ ಉದ್ದೇಶ.

ಮೊದಲಿಗೆ ಒಂದು ಶಂಕೆಯನ್ನು ಪರಿಹರಿಸಿಬಿಡುತ್ತೇನೆ. ಇವನು ಹಳೆಯ ಕಾಲದವನು, ಗುರುಕುಲದ ಹೆಸರು ಹೇಳಿ ಯಂತ್ರವನ್ನು ಹಳಿಯುತ್ತಾನೆಂದು ತಾವು ಬಗೆಯಬಾರದು. ಪಿಟೀಲನ್ನು ಕೈಯಲ್ಲಿ ಹಿಡಿದವನಿಗೆ ಹೊಸತನ್ನು ಹಳಿಯುವ ಅಧಿಕಾರವೇ ಇಲ್ಲ. ನಮ್ಮ ದೇವಾಲಯಗಳ ಶಿಲ್ಪಗಳಲ್ಲಿ ವೀಣೆಯಂತೆ ನೆಲೆಗೊಂಡು, ಶಾಸ್ತ್ರಗ್ರಂಥಗಳಲ್ಲಿ ಲಕ್ಷಣ ಹೇಳಿಸಿಕೊಂಡು ಬಂದ ವಾದ್ಯವಲ್ಲ ಇದು. ಸುಮಾರು ಎರಡು ಶತಮಾನಗಳ ಹಿಂದೆ ಮದರಾಸಿನಲ್ಲಿ, ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಒಬ್ಬ ಯೂರೋಪಿಯನ್ ವಾದಕನಿಂದ ಕಲಿತು, ನಮ್ಮ ರಾಗಗಳಿಗೆ ಒಗ್ಗಿಸಿಕೊಂಡ ವಾದ್ಯ. ಮುತ್ತುಸ್ವಾಮಿ ದೀಕ್ಷಿತರ ಶಿಷ್ಯರಾದ ವಡಿವೇಲು ಅವರಿಗೆ ತಿರುವಾಂಕೂರಿನ ಸ್ವಾತಿ ತಿರುನಾಳ್ ಮಹಾರಾಜರು 1834ರಲ್ಲಿ ದಂತದ ಪಿಟೀಲೊಂದನ್ನು ಬಹುಮಾನವಾಗಿ ಕೊಟ್ಟರೆಂದ ಮೇಲೆ, ಕಡಲಾಚೆಯಿಂದ ಬಂದ ಈ ಅತಿಥಿ ಎಷ್ಟು ಬೇಗ ಮನೆಯವನೇ ಆದನೆಂಬುದು ವಿದಿತವಾಗುತ್ತದೆ. ಅಲ್ಲಿ ನಿಂತು, ಗದ್ದಕ್ಕೂ ಭುಜಕ್ಕೂ ನಡುವೆ ಇರುಕಿಕೊಂಡು ನುಡಿಸುತ್ತಿದ್ದುದನ್ನು ನಮ್ಮವರು ಚಕ್ಕಂಬಕ್ಕಳ ಹಾಕಿ ಕುಳಿತು, ಒಂದು ತುದಿಯನ್ನು ಎದೆಗೂ ಇನ್ನೊಂದನ್ನು ಬಲಗಾಲಿನ ಹರಡಿಗೂ ಆನಿಸಿ, ಎಡಗೈಯನ್ನು ಭಾರದಿಂದ ಬಿಡುಗಡೆ ಮಾಡಿದರು. ಆ ಬಿಡುಗಡೆಯಿಂದಲೇ ನಮ್ಮ ಜಾರುಗಳೂ ಗಮಕಗಳೂ ಆ ತಂತಿಯ ಮೇಲೆ ಓಡಾಡುವಂತಾದವು. ನಮ್ಮ ತಿರುಮಕೂಡಲಿನ ಚೌಡಯ್ಯನವರಾದರೋ (1895–1967) ಧ್ವನಿವರ್ಧಕಗಳಿಲ್ಲದ ಸಭೆಗಳಲ್ಲಿ ಕಡೆಯ ಸಾಲಿನವನಿಗೂ ನಾದ ಮುಟ್ಟಲೆಂದು ನಾಲ್ಕು ತಂತಿಗಳಿಗೆ ಇನ್ನು ಮೂರನ್ನು ಸೇರಿಸಿ ಏಳು ಮಾಡಿದರು. ಇಂಥ ಪರಂಪರೆಯ ಕೊನೆಯ ಮೆಟ್ಟಿಲಲ್ಲಿ ಕುಳಿತಿರುವ ನಾನು, ದೂರವನ್ನು ದಾಟಿಸುವ ಹೊಸ ಸಾಧನವೊಂದು ಬಂದಿತೆಂದು ಮುಖ ತಿರುಗಿಸಿದರೆ ಅದು ಕೃತಘ್ನತೆಯಾದೀತು. ಆದುದರಿಂದ ಹೊಸತೇ ಹಳತೇ ಎಂಬ ವಿಚಾರವನ್ನು ಇಲ್ಲಿಗೇ ಬಿಟ್ಟು, ಪಾಠವೆಂಬುದು ಏನು ಎಂಬಲ್ಲಿಗೆ ಬರೋಣ.

ನಮ್ಮ ಭಾಷೆ ಈ ವಿಷಯದಲ್ಲಿ ನಮಗಿಂತ ಜಾಣತನದ್ದು. ಗುರು ಮಾಡುವುದನ್ನು ಪಾಠ ಹೇಳುವುದು ಎನ್ನುತ್ತೇವೆ. ಶಿಷ್ಯ ಮಾಡುವುದನ್ನು ಪಾಠ ಒಪ್ಪಿಸುವುದು ಎನ್ನುತ್ತೇವೆ. ಒಪ್ಪಿಸುವುದೆಂದರೆ ಪಡೆದುಕೊಂಡದ್ದನ್ನು ಕೊಟ್ಟವರ ಮುಂದೆ ಇಟ್ಟು, ಅದು ಸರಿಯಾಗಿದೆಯೆಂದು ಅವರಿಂದ ಒಪ್ಪಿಗೆ ಪಡೆಯುವುದು. ಹೇಳುವುದು ಎಷ್ಟೇ ಸೊಗಸಾಗಿದ್ದರೂ ಒಪ್ಪಿಸುವುದು ನಡೆಯದಿದ್ದರೆ ಪಾಠ ಪೂರ್ತಿಯಾಗಲಿಲ್ಲ. ನಾವು ಚಿಕ್ಕವರಾಗಿದ್ದಾಗ ಮೈಸೂರು ಆಕಾಶವಾಣಿಯಲ್ಲಿ ದೊಡ್ಡ ದೊಡ್ಡ ವಿದ್ವಾಂಸರ ವಾದನವನ್ನು ಕಿವಿಯಾನಿಸಿ ಕೇಳುತ್ತಿದ್ದೆವು. ದೂರದಿಂದ ಕಲಿಯುವುದೆಂಬುದು ಈ ತಲೆಮಾರಿನವರು ಕಂಡುಹಿಡಿದದ್ದೇನೂ ಅಲ್ಲ. ಆದರೆ ಆ ಪೆಟ್ಟಿಗೆ ನಮಗೆ ಹೇಳಿತೇ ಹೊರತು ನಮ್ಮಿಂದ ಒಪ್ಪಿಸಿಕೊಳ್ಳಲಿಲ್ಲ. ಅದನ್ನು ಕೇಳಿ ಕೇಳಿ ರಸಿಕರಾದವರು ಬಹುಮಂದಿ ಇದ್ದರು. ಅದರಿಂದಲೇ ಪಿಟೀಲುಗಾರರಾದವರನ್ನು ನಾನು ಕಾಣೆ.

ಒಪ್ಪಿಸಿಕೊಳ್ಳುವವನಿಗೆ ಬೇಕಾದ ಮುಖ್ಯ ಸಾಧನ ಕಿವಿ. ಚೌಡಯ್ಯನವರನ್ನು ರೂಪಿಸಿದ ಬಿಡಾರಂ ಕೃಷ್ಣಪ್ಪನವರು ಪ್ರಸಿದ್ಧರಾದದ್ದು ಪಿಟೀಲಿನಿಂದಲ್ಲ, ಗಾಯನದಿಂದ. ಗಾಯಕರೊಬ್ಬರು ಅಂಥ ವಾದಕನನ್ನು ತಯಾರುಮಾಡಿದರೆಂದರೆ, ಪಾಠದ ಹೃದಯ ಗುರುವಿನ ಬೆರಳಿಗಿಂತ ಹೆಚ್ಚಾಗಿ ಅವನ ಕಿವಿಯಲ್ಲಿ ಇರುವುದೆಂದಲ್ಲವೇ ಅರ್ಥ? ನನ್ನ ಗುರುಗಳು, ನಾನು ನಡುಮನೆಯಲ್ಲಿ ಸರಳೆ ವರಸೆ ಉಜ್ಜುತ್ತಿರುವಾಗ, ಎದುರಿಗೆ ಕುಳಿತಿರುತ್ತಿದ್ದುದೇ ಅಪರೂಪ. ಪೂಜೆಗೆ ಹೂ ಬಿಡಿಸುತ್ತ ಹಿತ್ತಲಲ್ಲಿ ಎಲ್ಲೋ ಇರುತ್ತಿದ್ದರು, ಅಲ್ಲಿಂದಲೇ, "ಋಷಭ ಎಲ್ಲಿಗೆ ಹೊರಟಿತೋ?" ಎಂದು ಕೂಗುತ್ತಿದ್ದರು. ನನ್ನ ಕಿವಿಗೆ ಸರಿಯಾಗಿಯೇ ಕೇಳುತ್ತಿದ್ದ ಆ ಋಷಭವು ಅವರಿಗೆ ದಾಸವಾಳದ ಗಿಡದ ಬಳಿ ಹೇಗೆ ತಪ್ಪಾಗಿ ಕೇಳಿಸಿತೆಂಬುದು ಎಂಟು ವರ್ಷದ ಹುಡುಗನಿಗೆ ಪವಾಡದಂತೆ ತೋರುತ್ತಿತ್ತು. ಕೆಲವು ವರ್ಷಗಳ ಮೇಲೆ, ಅವರು ಕೂಗುವುದಕ್ಕೆ ಒಂದು ಕ್ಷಣ ಮೊದಲೇ ನನ್ನ ಬೆರಳು ತಾನಾಗಿ ಸರಿಯತೊಡಗಿತು. ಅವರ ಕಿವಿ ನನ್ನ ತಲೆಯೊಳಗೆ ಬಂದು ಕುಳಿತಿತ್ತು. ಪಿಟೀಲಿನ ಪಾಠವೆಂದರೆ ಇಷ್ಟೇ: ಗುರುವಿನ ಕಿವಿಯನ್ನು ಶಿಷ್ಯನಿಗೆ ವರ್ಗಾಯಿಸುವುದು.

ಬೇರೆ ವಾದ್ಯಗಳಿಗಿಂತ ಪಿಟೀಲಿಗೆ ಈ ಮಾತು ಹೆಚ್ಚಾಗಿ ಅನ್ವಯಿಸುವುದಕ್ಕೆ ಕಾರಣವುಂಟು. ವೀಣೆಯ ದಂಡಿಯ ಮೇಲೆ 24 ಮೆಟ್ಟಿಲುಗಳಿವೆ, ಹಾರ್ಮೋನಿಯಮ್ಮಿಗೆ ಮನೆಗಳಿವೆ, ಕಲಿಯುವ ಮಗುವಿನ ಬೆರಳು ಅಲ್ಲಿಗೆ ಹೋದರೆ ಸ್ವರ ಅಲ್ಲಿಯೇ ಕಾದಿರುತ್ತದೆ. ಪಿಟೀಲಿನ ನುಣುಪಾದ ಕರಿಮರದ ಮೇಲಾದರೋ ಯಾವ ಗುರುತೂ ಇಲ್ಲ. ಪುರಂದರದಾಸರು ಹಾಕಿಕೊಟ್ಟ ಕ್ರಮವೆಂದು ಸಂಪ್ರದಾಯವು ಹೇಳುವಂತೆ, ನಾವು ಮಾಯಾಮಾಳವಗೌಳದಲ್ಲಿ ಸರಳೆ ವರಸೆಯಿಂದ ಆರಂಭಿಸುತ್ತೇವೆ. ಷಡ್ಜ ಪಂಚಮಗಳಿಗೆ ಕೂಡಿಸಿದ ನಮ್ಮ ತಂತಿಗಳಿಗೂ ಆ ರಾಗಕ್ಕೂ ಎಷ್ಟು ಸೊಗಸಾದ ಹೊಂದಾಣಿಕೆಯೆಂದರೆ, ಷಡ್ಜದ ತಂತಿಯ ಮೇಲೆ ಸ ರಿ ಗ ಮ ನುಡಿಸಿದ ಬೆರಳುಗಳು ಪಂಚಮದ ತಂತಿಯ ಮೇಲೆ ಅದೇ ತಾಣಗಳಲ್ಲಿ ಊರಿದರೆ ಪ ದ ನಿ ಸ ಹೊರಡುತ್ತದೆ. ಆದರೆ ಆ ತಾಣಗಳು ಎಲ್ಲಿವೆಯೆಂದು ಹೇಳತಕ್ಕದ್ದು ಕಿವಿಯೊಂದೇ. ಷಡ್ಜಕ್ಕೆ ಒತ್ತಿಕೊಂಡೇ ಇರುವ ಆ ಶುದ್ಧ ಋಷಭವು ಜೋಳದ ಕಾಳಿನಷ್ಟು ಆಚೆ ಹೋದರೂ ಅಪಸ್ವರ. ಅದು ಅಪಸ್ವರವೆಂದು ಆ ಕ್ಷಣದಲ್ಲಿಯೇ ಹೇಳುವವರು ಯಾರೂ ಇಲ್ಲದಿದ್ದರೆ, ಮಗುವು ದಿನಕ್ಕೆ ಅರ್ಧ ಗಂಟೆಯಂತೆ ತಪ್ಪನ್ನೇ ಸಾಧಿಸುತ್ತದೆ. ಸಾಧಿಸಿದ ತಪ್ಪಿನಷ್ಟು ಗಟ್ಟಿಯಾದ ವಸ್ತು ಸಂಗೀತದಲ್ಲಿ ಇನ್ನೊಂದಿಲ್ಲ.

ಈಗ ಪರದೆಯ ಪಾಠಕ್ಕೆ ಬರುತ್ತೇನೆ. ಗುರು ಹೇಳುವ ಪಾಠವು ಸಮುದ್ರವನ್ನು ಬಲು ಚೆನ್ನಾಗಿ ದಾಟುತ್ತದೆ. ಶಿಷ್ಯನು ಒಪ್ಪಿಸುವ ಪಾಠವು ಕುಂಟುತ್ತಾ ದಾಟುತ್ತದೆ. ಇದು ಅಭಿಪ್ರಾಯದ ಮಾತಲ್ಲ, ಯಂತ್ರದ ಸ್ವಭಾವ. ಈ ಸಾಧನಗಳನ್ನು ರೂಪಿಸಿದವರು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದರು. ಮಾತೆಂದರೆ ಏರಿಳಿಯುತ್ತ, ನಡುನಡುವೆ ನಿಲ್ಲುತ್ತ ಬರತಕ್ಕದ್ದು; ಏರಿಳಿಯದೆ ಒಂದೇ ಸಮನೆ ಮೊರೆಯುವ ಧ್ವನಿಯೆಂದರೆ ಅದು ಫ್ಯಾನಿನ ಸದ್ದೋ ಯಂತ್ರದ ಸದ್ದೋ ಆಗಿರಬೇಕೆಂದು ತಿಳಿದು, ಆ ಸಾಧನವು ತಾನಾಗಿಯೇ ಅದನ್ನು ಅಳಿಸಿಹಾಕುತ್ತದೆ. ಶ್ರುತಿಯ ಲಕ್ಷಣವೇ ಒಂದೇ ಸಮನೆ ಮೊರೆಯುವುದು! ಸಂಗೀತಕ್ಕೆ ತಾಯಿಯೆನ್ನಿಸಿಕೊಂಡ ಶ್ರುತಿಯನ್ನು ಗದ್ದಲವೆಂದು ಬಗೆದು ಗುಡಿಸಿ ಹೊರಗೆಸೆಯುವ ಈ ಪರಿಚಾರಕನನ್ನು ನೆನೆದಾಗ ನಗಬೇಕೋ ಅಳಬೇಕೋ ತಿಳಿಯದು. ಮಗುವಿನ ಮಗ್ಗುಲಲ್ಲಿ ಶ್ರುತಿಪೆಟ್ಟಿಗೆ ನುಡಿಯುತ್ತಿರುತ್ತದೆ. ನನಗೆ ಕೇಳುವುದು ಬರಿಯ ಪಿಟೀಲು, ಅದರಲ್ಲಿಯೂ ನೀಳವಾಗಿ ಎಳೆದ ಸ್ವರದ ಬಾಲ ಕತ್ತರಿಸಿಹೋಗಿರುತ್ತದೆ. ಶ್ರುತಿಯೇ ಕೇಳಿಸದ ಮೇಲೆ ಋಷಭ ಎಲ್ಲಿಗೆ ಹೊರಟಿತೆಂದು ನಾನು ಹೇಗೆ ಕೂಗಲಿ?

ಎರಡನೆಯದು ಕಾಲದ ವಿಷಯ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುತ್ತದೆ. ಕರೆಯಲ್ಲಿ ಒಂದು ಸೆಕೆಂಡಿನ ಐದನೆಯ ಒಂದು ಪಾಲಿನಷ್ಟು ತಡವಾಯಿತೆಂದರೆ, ಶಿಷ್ಯನು 68 ಮೀಟರು ಆಚೆ, ಬಯಲಿನ ಆ ತುದಿಯಲ್ಲಿ ಕುಳಿತು ನುಡಿಸಿದಂತಾಯಿತು. ಅಷ್ಟು ದೂರದಲ್ಲಿರುವವರು ಒಂದೇ ತಾಳಕ್ಕೆ ಕೂಡಿ ನುಡಿಸುವುದು ಸಾಧ್ಯವಿಲ್ಲ. ಗುರುವಿನ ಜೊತೆಯಲ್ಲಿಯೇ ನುಡಿಸುತ್ತ, ಅವನ ನಾದದ ಮರೆಯಲ್ಲಿ ತನ್ನ ನಾದವನ್ನು ತಿದ್ದಿಕೊಳ್ಳುವುದು ನಮ್ಮ ಕಲಿಕೆಯ ಅತ್ಯಂತ ಪುರಾತನವಾದ, ಮಕ್ಕಳಿಗೆ ಅತ್ಯಂತ ಪ್ರಿಯವಾದ ಮಾರ್ಗ. ಪರದೆಯ ಪಾಠದಲ್ಲಿ ಆ ಮಾರ್ಗವೇ ಮುಚ್ಚಿಹೋಗುತ್ತದೆ. ನಾನು ನುಡಿಸಿ ನಿಲ್ಲಿಸಬೇಕು, ಆಮೇಲೆ ಅವನು ನುಡಿಸಬೇಕು. ಇಬ್ಬರೂ ಒಟ್ಟಿಗೆ ಹೊರಟರೆ ಯಂತ್ರವು ಒಬ್ಬರ ಬಾಯನ್ನು ಮುಚ್ಚುತ್ತದೆ.

ಮೂರನೆಯದು ನನಗೆ ಪಾಠ ಕಲಿಸಿದ ಪ್ರಸಂಗ. ದೋಷ ನನ್ನದಾದ್ದರಿಂದ ಮುಚ್ಚಿಡದೆ ಹೇಳುತ್ತೇನೆ. ದುಬೈಯಲ್ಲಿದ್ದ ಹತ್ತು ವರ್ಷದ ಒಬ್ಬ ಹುಡುಗನಿಗೆ ಎಂಟು ತಿಂಗಳು ಪರದೆಯ ಮೇಲೆಯೇ ಪಾಠ ಹೇಳಿದೆ. ವರಸೆಗಳು ಮುಗಿದುವು, ಅಲಂಕಾರಗಳು ಮೂರು ಕಾಲದಲ್ಲಿಯೂ ಬಂದುವು, ನಾನು ಬಾಯ್ತುಂಬ ಹೊಗಳಿದೆ. ಆಷಾಢದ ಮಳೆಯಲ್ಲಿ ಅಜ್ಜನ ಮನೆಗೆಂದು ಮೈಸೂರಿಗೆ ಬಂದವನು ಮೊಟ್ಟಮೊದಲ ಬಾರಿಗೆ ನನ್ನೆದುರು ಕುಳಿತು ಕಮಾನು ಎಳೆದಾಗ, ನನ್ನ ಎದೆ ಧಸಕ್ಕೆಂದಿತು. ಮೊಳಕೈ ಪಕ್ಕೆಗೆ ಅಂಟಿತ್ತು. ಕಮಾನು ನಡುವಿನ ಗೇಣುದ್ದದಲ್ಲಿ ಮಾತ್ರ ಆಡುತ್ತಿತ್ತು. ಒತ್ತುವ ಭರಕ್ಕೆ ತಂತಿ ಕಿರುಗುಟ್ಟುತ್ತಿತ್ತು. ಎಡಗೈಯ ಹೆಬ್ಬೆರಳು ವಾದ್ಯದ ಕುತ್ತಿಗೆಯನ್ನು ಹಗ್ಗದಂತೆ ಬಿಗಿದಿತ್ತು. ಸಣ್ಣ ಸದ್ದನ್ನು ಹಿಗ್ಗಿಸಿ, ದೊಡ್ಡ ಸದ್ದನ್ನು ಕುಗ್ಗಿಸಿ, ಎಲ್ಲವನ್ನೂ ಸಮತಟ್ಟು ಮಾಡಿ ತಲುಪಿಸುವ ಯಂತ್ರವು ಆ ಕಿರುಗುಟ್ಟುವಿಕೆಯನ್ನು ನನ್ನಿಂದ ಎಂಟು ತಿಂಗಳು ಮರೆಮಾಚಿತ್ತು. ಎದುರಿನಿಂದ ಮಾತ್ರ ನೋಡುವ ಅದರ ಒಂಟಿಕಣ್ಣು ಆ ಮೊಳಕೈಯನ್ನು ತೋರಿಸಿರಲಿಲ್ಲ. ಎದುರಿಗಿದ್ದಿದ್ದರೆ ಮೊದಲನೆಯ ವಾರದಲ್ಲಿಯೇ ಎರಡು ಬೆರಳಿನಿಂದ ಆ ಮೊಳಕೈಯನ್ನು ಮೆಲ್ಲಗೆ ಎತ್ತಿ ಸರಿಪಡಿಸಬಹುದಾಗಿತ್ತು. ಅನಂತರ ಅದನ್ನು ಬಿಡಿಸುವುದಕ್ಕೆ ಒಂದು ವರ್ಷ ಹಿಡಿಯಿತು. ಆ ವರ್ಷ ಆ ಹುಡುಗ ಅನುಭವಿಸಿದ ಬೇಸರದ ಹೊಣೆ ನನ್ನದು.

ಹಾಗೆಂದು ಎದುರಿಗೆ ಕುಳಿತಮಾತ್ರಕ್ಕೆ ಎಲ್ಲವೂ ಸುಗಮವೆಂದು ತಾವು ತಿಳಿಯಬಾರದು. ಹನ್ನೆರಡು ಮಕ್ಕಳನ್ನು ಒಂದೇ ಕೋಣೆಯಲ್ಲಿ ಸಾಲಾಗಿ ಕೂರಿಸಿ, ಒಟ್ಟಿಗೆ ನುಡಿಸಿರೆಂದು ಹೇಳಿ, ಮೇಷ್ಟರು ಗಡಿಯಾರ ನೋಡುತ್ತ ಕುಳಿತಿರುವ ತರಗತಿಗಳನ್ನು ನಾನು ಕಂಡಿದ್ದೇನೆ. ಅಲ್ಲಿ ಯಾವ ಮಗುವಿನ ಪಾಠವನ್ನೂ ಯಾರೂ ಒಪ್ಪಿಸಿಕೊಳ್ಳುವುದಿಲ್ಲ. ಅಪಸ್ವರಗಳು ಒಂದರ ಬೆನ್ನಹಿಂದೆ ಒಂದು ಅಡಗಿಕೊಳ್ಳುತ್ತವೆ. ಅರ್ಧ ಗಂಟೆಯ ಪಾಠಕ್ಕಾಗಿ ಬೆಂಗಳೂರಿನ ರಸ್ತೆಗಳಲ್ಲಿ ಎರಡು ಗಂಟೆ ಕಾರಿನೊಳಗೆ ತೂಕಡಿಸಿ ಬಂದ ಮಗುವಿಗೆ ಕಮಾನು ಹಿಡಿಯುವ ಚೈತನ್ಯವಾದರೂ ಎಲ್ಲಿಂದ ಬರಬೇಕು? ಮತ್ತೆ, ಗುರುವೇ ಸಿಕ್ಕದ ಊರುಗಳಲ್ಲಿರುವವರಿಗೆ, ಹಾಸಿಗೆ ಬಿಟ್ಟು ಏಳಲಾಗದ ಹಿರಿಯರನ್ನು ನೋಡಿಕೊಳ್ಳುತ್ತ ಮನೆಯಲ್ಲಿಯೇ ಉಳಿದವರಿಗೆ, ಹುಡುಗಿಯಾಗಿದ್ದಾಗ ವರ್ಣದವರೆಗೆ ಕಲಿತು ಮದುವೆಯಾಗಿ ಪಿಟೀಲನ್ನು ಅಟ್ಟಕ್ಕೇರಿಸಿ ಇಪ್ಪತ್ತು ವರ್ಷಗಳ ಮೇಲೆ ಮತ್ತೆ ಕೆಳಗಿಳಿಸಿಕೊಂಡ ಗೃಹಿಣಿಯರಿಗೆ ಈ ಪರದೆಯು ವರವಾಗಿ ಬಂದಿರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವರಲ್ಲಿ ಕಿವಿ ಆಗಲೇ ಸಿದ್ಧವಾಗಿರುತ್ತದೆ. ಯಂತ್ರವು ಕತ್ತರಿಸಿದ್ದನ್ನು ಅವರೇ ತುಂಬಿಕೊಳ್ಳುತ್ತಾರೆ.

ಇಷ್ಟು ಹೇಳಿದ ಮೇಲೆ ನನ್ನ ಸಲಹೆ ಏನೆಂಬುದನ್ನು ತಾವೇ ಊಹಿಸಿರಬಹುದು. ಆನ್‌ಲೈನೋ ಎದುರುಪಾಠವೋ ಎಂದು ಕೇಳುವುದಕ್ಕೆ ಮೊದಲು, ನನ್ನ ಮಗು ತನ್ನ ಪಿಟೀಲನ್ನು ತಾನೇ ಶ್ರುತಿ ಮಾಡಿಕೊಳ್ಳಬಲ್ಲುದೇ ಎಂದು ಕೇಳಿಕೊಳ್ಳಿರಿ. ಬಿರಡೆ ತಿರುಗಿಸಿ, ಕಮಾನು ಎಳೆದು, ಪಂಚಮವು ಷಡ್ಜದಲ್ಲಿ ಕರಗಿತೇ ಇಲ್ಲವೇ ಎಂದು ತಾನೇ ನಿರ್ಣಯಿಸುವ ಮಗು ಯಾವ ದೇಶದಲ್ಲಿ ಕುಳಿತು ಯಾವ ಪರದೆಯ ಮುಂದೆ ಕಲಿತರೂ ಹೆಚ್ಚು ಹಾನಿಯಿಲ್ಲ. ಅದಕ್ಕೆ ಮುಂಚಿನ ಒಂದೆರಡು ವರ್ಷಗಳನ್ನಾದರೂ ಎದುರಿಗೆ ಕುಳಿತು ಕಲಿಯುವಂತೆ ಏರ್ಪಾಟುಮಾಡುವುದು ಶ್ರೇಯಸ್ಕರ. ಹೆಸರುವಾಸಿಯಾದ ದೂರದ ವಿದ್ವಾಂಸರಿಗಿಂತ, ಶ್ರುತಿಶುದ್ಧವಾಗಿ ನುಡಿಸಬಲ್ಲ, ತಾಳ್ಮೆಯುಳ್ಳ, ಪಕ್ಕದ ಬೀದಿಯ ಮೇಷ್ಟರೇ ಆ ಕಾಲಕ್ಕೆ ತಕ್ಕವರು. ಸರಸ್ವತೀಪುರದವರಿಗೆ ನನ್ನ ಉತ್ತರ ಇದರಲ್ಲಿಯೇ ಇದೆ: ದಯವಿಟ್ಟು ಮೂರು ಬೀದಿ ನಡೆದು ಬನ್ನಿ.

ಅನಿವಾರ್ಯವಾಗಿ ದೂರದಿಂದಲೇ ಆರಂಭಿಸಬೇಕಾದವರು ಕೆಲವು ಎಚ್ಚರಿಕೆಗಳನ್ನು ವಹಿಸಿದರೆ ನಷ್ಟ ಕಡಿಮೆಯಾಗುತ್ತದೆ. ಕರೆಯ ಸಾಧನದಲ್ಲಿ ಗದ್ದಲವನ್ನು ಅಳಿಸುವ ವ್ಯವಸ್ಥೆಯನ್ನು ನಿಲ್ಲಿಸಿ, ಧ್ವನಿಯನ್ನು ಇದ್ದಂತೆಯೇ ಕಳುಹಿಸುವ ಆಯ್ಕೆಯಿದ್ದರೆ ಅದನ್ನು ಇಟ್ಟುಕೊಳ್ಳಿರಿ. ಮೊಬೈಲನ್ನು ಮಗುವಿನ ಮುಖಕ್ಕೆ ಹಿಡಿಯದೆ, ಕಮಾನಿನ ಕೈ ಪೂರ್ತಿಯಾಗಿ ಕಾಣುವಂತೆ ಬಲಮಗ್ಗುಲಿಗೆ ಒಮ್ಮೆ, ಎಡಗೈಯ ಮಣಿಕಟ್ಟು ಕಾಣುವಂತೆ ಎಡಮಗ್ಗುಲಿಗೆ ಒಮ್ಮೆ ಇರಿಸಿರಿ. ಗುರುಗಳಿಗೆ ನಿಮ್ಮ ಮಗುವಿನ ಮುಗುಳ್ನಗೆಗಿಂತ ಮೊಳಕೈ ಮುಖ್ಯ. ಶ್ರುತಿಪೆಟ್ಟಿಗೆಯೊಡನೆ ನುಡಿಸಿದ ಐದು ನಿಮಿಷದ ಸಾಧನೆಯನ್ನು ಬೇರೆಯಾಗಿ ಮುದ್ರಿಸಿಕೊಂಡು ಕಳುಹಿಸಿರಿ. ಅದರಲ್ಲಿ ಕರೆಯಲ್ಲಿರುವಷ್ಟು ಕತ್ತರಿಪ್ರಯೋಗ ಇರುವುದಿಲ್ಲ. ಮತ್ತು ಕಳುಹಿಸುವುದಕ್ಕೆ ಮೊದಲು ಮಗುವೇ ಅದನ್ನೊಮ್ಮೆ ಕೇಳಲಿ. ಪಿಟೀಲುಗಳು ಕಾಲು, ಅರ್ಧ, ಮುಕ್ಕಾಲು, ಪೂರ್ಣ ಎಂಬ ಅಳತೆಗಳಲ್ಲಿ ದೊರೆಯುತ್ತವೆ. ಬೆಳೆದಾಗ ಆದೀತೆಂದು ಅಂಗಿಯನ್ನು ದೊಡ್ಡದಾಗಿ ಹೊಲಿಸುವಂತೆ ಪಿಟೀಲನ್ನು ದೊಡ್ಡದಾಗಿ ಕೊಳ್ಳಬಾರದು. ವರ್ಷಕ್ಕೊಂದು ಬಾರಿ ಊರಿಗೆ ಬಂದಾಗ, ನೆಂಟರ ಮನೆಯ ಊಟಗಳಲ್ಲಿ ಎರಡನ್ನು ಬಿಟ್ಟು, ಹತ್ತು ದಿನ ಗುರುಗಳೆದುರಿಗೆ ಕೂರಿಸಿರಿ. ರಾಮನವಮಿಯ ಹೊತ್ತಿಗೆ ಬಂದಿರಾದರೆ, ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಚಪ್ಪರದಲ್ಲಿ ಒಂದು ಸಂಜೆ ಕಚೇರಿ ಕೇಳಿಸಿರಿ; ಗಾಯಕನ ಬಾಯಿಂದ ಬಂದ ಸಂಗತಿಯನ್ನು ಪಿಟೀಲುಗಾರನು ಆ ಕ್ಷಣದಲ್ಲಿಯೇ ಹಿಡಿದು ಮರಳಿಸುವುದನ್ನು ನೋಡಿದ ಮಗುವಿಗೆ, ಒಪ್ಪಿಸುವುದೆಂದರೇನೆಂದು ಯಾರೂ ವಿವರಿಸಬೇಕಾಗುವುದಿಲ್ಲ.

ಇನ್ನೊಂದು ಮಾತು, ಮನಸ್ಸಿಗೆ ಹಚ್ಚಿಕೊಳ್ಳಬಾರದು. ಗೀತೆ ಯಾವಾಗ, ವರ್ಣ ಯಾವಾಗ, ಜೂನಿಯರ್ ಪರೀಕ್ಷೆಗೆ ಯಾವಾಗ ಕಟ್ಟಿಸುತ್ತೀರಿ ಎಂದು ತಿಂಗಳಿಗೊಮ್ಮೆ ಕೇಳುವುದನ್ನು ಬಿಟ್ಟು, ದಿನಕ್ಕೊಮ್ಮೆ ಅರ್ಧ ಗಂಟೆ ಮಗುವಿನ ಪಕ್ಕದಲ್ಲಿ ಸುಮ್ಮನೆ ಕುಳಿತುಕೊಳ್ಳಿರಿ. ತಮಗೆ ಸಂಗೀತ ಬರಬೇಕೆಂದಿಲ್ಲ; ಅವಲಕ್ಕಿ ಆರಿಸುತ್ತಲೋ ಪತ್ರಿಕೆ ಮಡಿಲಲ್ಲಿಟ್ಟುಕೊಂಡೋ ಕುಳಿತಿದ್ದರೆ ಸಾಕು. ವಾರಕ್ಕೆರಡು ದಿನದ ಪಾಠದಲ್ಲಿ ಗುರುವು ಕೇಳುತ್ತಾನೆ. ಉಳಿದ ಐದು ದಿನ ತನ್ನ ಪಾಠವನ್ನು ಒಪ್ಪಿಸುವುದಕ್ಕೆ ಮಗುವಿಗೆ ಯಾರಾದರೂ ಬೇಕು.

ಮುಗಿಸುವ ಮೊದಲು, ನ್ಯೂಜೆರ್ಸಿಯಲ್ಲಿರುವ ಒಬ್ಬ ಹುಡುಗಿಯ ವಿಷಯ. ಅವಳು ಮೊದಲ ಎರಡು ವರ್ಷ ಮೈಸೂರಿನಲ್ಲಿ, ನನ್ನ ಮನೆಯ ಚಾಪೆಯ ಮೇಲೆ ಕಲಿತವಳು. ತಂದೆಯ ಕೆಲಸದ ನಿಮಿತ್ತ ಕಡಲಾಚೆ ಹೋದ ಮೇಲೆ ಪರದೆಯ ಪಾಠ. ನನ್ನ ಮುಂಜಾವದ 6 ಗಂಟೆಯೆಂದರೆ ಬೇಸಗೆಯಲ್ಲಿ ಅವಳಿಗೆ ಹಿಂದಿನ ರಾತ್ರಿಯ ಎಂಟೂವರೆ, ಚಳಿಗಾಲದಲ್ಲಿ ಏಳೂವರೆ. ನಾನು ಕಾಫಿಯ ಲೋಟ ಕೆಳಗಿಡುವ ಹೊತ್ತಿಗೆ ಅವಳು ರಾತ್ರಿಯ ಊಟ ಮುಗಿಸಿ ಪಿಟೀಲಿಗೆ ಶ್ರುತಿ ಕೂಡಿಸುತ್ತಿರುತ್ತಾಳೆ. ಕಳೆದ ಮಾಘಮಾಸದ ಒಂದು ಬೆಳಗ್ಗೆ, ವರ್ಣದ ಚರಣವನ್ನು ನುಡಿಸುತ್ತಿದ್ದವಳು ನಡುವೆ ತಟಕ್ಕನೆ ನಿಂತಳು. ನಾನು ಏನನ್ನೂ ಹೇಳಿರಲಿಲ್ಲ; ನನ್ನ ಕಿವಿಗೆ ಏನೂ ತಪ್ಪಾಗಿ ಕೇಳಿಸಿರಲಿಲ್ಲ. "ಇಲ್ಲ ಮೇಷ್ಟ್ರೇ, ಅದು ಸರಿ ಬರಲಿಲ್ಲ," ಎಂದು ತನ್ನಷ್ಟಕ್ಕೆ ಹೇಳಿಕೊಂಡು, ಹಿಂದಿನ ಸ್ವರಕ್ಕೆ ಹೋಗಿ, ಬೆರಳನ್ನು ಕೂದಲೆಳೆಯಷ್ಟು ಸರಿಸಿ, ಮತ್ತೆ ನುಡಿಸಿದಳು. ಆ ತಪ್ಪನ್ನು ಯಂತ್ರವು ನನ್ನವರೆಗೆ ತಂದಿರಲೇ ಇಲ್ಲ. ಅದು ಅವಳ ಕೋಣೆಯಲ್ಲಿ ಹುಟ್ಟಿ, ಅವಳ ಕಿವಿಗೆ ಮಾತ್ರ ಕೇಳಿಸಿ, ಅಲ್ಲಿಯೇ ತೀರಿತು. ಕಣ್ಣುಮುಚ್ಚಿದೆ; ನನ್ನ ಗುರುಗಳ ಹಿತ್ತಲಿನ ದಾಸವಾಳದ ಗಿಡ ನೆನಪಿಗೆ ಬಂದಿತು.

ತಮ್ಮ ಮಕ್ಕಳಿಗೆ ಒಳ್ಳೆಯದಾಗಲಿ.

ಇತಿ,
ತಮ್ಮ ಹಿತೈಷಿ,
ಒಬ್ಬ ಪಿಟೀಲು ಮೇಷ್ಟರು